ಎಳ್ಳು ಹೆಕ್ಕಿದ ಹಕ್ಕಿ

ಮೇಲ್ಮನೆಯ ಅಣ್ಣನ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಮಾತಾಡುವಾಗ ಅದು ಒಂದೆರಡು ಸಲ ಪಟಪಟ ಬಡಿದು ಮತ್ತೆ ಇಳಿದುಬಿಡುತ್ತಿತ್ತು. ಮೊದಲ ಸಲ ಮೆಟ್ಟಿಲ ಹತ್ತಿರ ಎದುರಾದಾಗ ನನಗೆ ಕಣ್ಣು ಹೊಡೆದರು ಅಂತಲೇ ತಿಳಿದೆ. ಸುಮ್ಮನಿರುವುದು ನನಗೆ ಗೊತ್ತಿಲ್ಲ.

"ಯಾಕ್ರೀ, ಹೆಂಗೈತಿ ಮೈಯಾಗ? ಸಾಲಿಗೆ ಹೋಗೂ ಮೊಮ್ಮಗಳು ಅದಾಳ ನನಗ," ಅಂದೆ.

ಅವರು ಕೈಯಲ್ಲಿದ್ದ ರೊಟ್ಟಿಯ ಪೊಟ್ಟಣ ಎದೆಗೆ ಅವಚಿಕೊಂಡು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು. "ಅಯ್ಯಯ್ಯೋ ಅಕ್ಕ, ಇದು ಹುಟ್ಟಿದ್ದೇ ಹೀಗೆ ಮಾರಾಯ್ರೆ. ಬೇಕಾದ್ರೆ ಇವಳನ್ನು ಕೇಳಿ."

ಮೇಲಿನಿಂದ ಅವರ ಹೆಂಡತಿ ಮೂಗಿನಲ್ಲಿ ಮಾತಾಡಿದಳು. "ಹೌದು ಅಕ್ಕ. ಹೆಣ್ಣು ನೋಡ್ಲಿಕ್ಕೆ ಬಂದಾಗ ನಾನೂ ಹಾಗೇ ಮೋಸ ಹೋದದ್ದು."

ಹೀಗೆ ನಮ್ಮ ಪರಿಚಯವಾಯಿತು.

ಒಮಾನ್ ದೇಶದ ನಿಜ್ವಾದಲ್ಲಿ ನಮ್ಮ ಮನೆ ಖರ್ಜೂರದ ತೋಟಗಳು ಮುಗಿದು ಬೋಳುಗುಡ್ಡ ಶುರುವಾಗುವ ಕಡೆ ಇದೆ. ಕೆಳಗೆ ನಾವು. ಮಗ ಆಸ್ಪತ್ರೆಯ ಲ್ಯಾಬಿನಲ್ಲಿ, ಸೊಸೆ ಶಾಲೆಯಲ್ಲಿ ಟೀಚರು. ಗಂಡ ಸತ್ತ ಮೇಲೆ ಮಗ ನನ್ನನ್ನು ಗದಗಿನಿಂದ ಇಲ್ಲಿಗೆ ಕರೆದುಕೊಂಡು ಬಂದ. ಅಡುಗೆ, ಡಬ್ಬಿ, ಬಟ್ಟೆ, ಮೊಮ್ಮಗಳು, ಎಲ್ಲ ನನ್ನ ತಲೆಯ ಮೇಲೆ. ಮೇಲೆ ಈ ಗಂಡ ಹೆಂಡತಿ, ಉಡುಪಿಯ ಕಡೆಯವರು, ಮನೆಯಲ್ಲಿ ತುಳು. ಅಣ್ಣ ಟೈಲ್ಸ್ ಅಂಗಡಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ವಯಸ್ಸಾಗಿತ್ತು, ಆದರೂ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ಬಿಡುತ್ತಿರಲಿಲ್ಲ. ಇವರಿಗೂ ಬಿಟ್ಟು ಹೋಗುವ ಮನಸ್ಸಿರಲಿಲ್ಲ ಅನ್ನಿ.

ಹೆಂಡತಿಗಿತ್ತು. ಅವಳದು ಮೊಂಡು ಮೂಗು, ಸಿಟ್ಟು ಬಂದರೆ ತುದಿ ಕೆಂಪಾಗುತ್ತಿತ್ತು. ಬಟ್ಟೆ ಒಣಗಿಸುವಾಗ ನನ್ನ ಹತ್ತಿರ ಒಂದೇ ರಾಗ. "ಬೆಳಿಗ್ಗೆ ಎದ್ರೆ ಒಂದು ಕಾಗೆ ಕೂಗುವುದಿಲ್ಲ ಅಕ್ಕ. ಇದೆಂಥ ಊರು? ಮುಂದಿನ ವರ್ಷ ಹೋಗುವ, ಮುಂದಿನ ವರ್ಷ ಹೋಗುವ ಅಂತ ಹೇಳಿ ಹೇಳಿ ಇವರು ನನ್ನ ತಲೆ ಬೆಳ್ಳಗೆ ಮಾಡಿದರು."

ಅವಳು ಹೇಳಿದ್ದು ಸುಳ್ಳಲ್ಲ. ಸೊಹಾರ್ ಕಡೆ, ಸಮುದ್ರದ ದಂಡೆಯಲ್ಲಿ ಕಾಗೆಗಳು ಬೇಕಾದಷ್ಟಿವೆ. ಇಲ್ಲಿ ಒಳನಾಡಿನಲ್ಲಿ ನಾನಂತೂ ಊರಕಾಗೆ ಕಂಡಿಲ್ಲ.

ಒಂದು ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಹೋಗಿಬಿಟ್ಟಳು. ಪಿತ್ತಕೋಶದ ನೋವು ಅಂತ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಸೊಹಾರ್‌ನ ಹಿಂದೂ ಸ್ಮಶಾನದಲ್ಲಿ ಸುಟ್ಟರು. ಬೂದಿ ಮಾತ್ರ ಊರಿಗೆ ಹೋಯಿತು. ಅದನ್ನು ಅಲ್ಲಿ ನೀರಿಗೆ ಬಿಟ್ಟು ಅಣ್ಣ ಮತ್ತೆ ಬಂದರು. ಮಗಳು ಅಲ್ಲೇ ಇರಿ ಅಂದಳಂತೆ. ಅಲ್ಲಿ ಕೂತು ಏನು ಮಾಡಲಿ ಅಂದರು. ಇಲ್ಲಿ ನಿಂತು ಏನು ಮಾಡುತ್ತೀರಿ ಅಂತ ನಾನು ಕೇಳಿದೆ. ಅದಕ್ಕೆ ರೆಪ್ಪೆ ಬಡಿದು ಮೆಟ್ಟಿಲು ಹತ್ತಿದರು.

ವರ್ಷದ ತಿಥಿ ಬಂತು. ಊರಿನ ಭಟ್ಟರು ಫೋನಿನಲ್ಲೇ ಎಲ್ಲ ಹೇಳಿಕೊಟ್ಟರು. ಅನ್ನದ ಉಂಡೆ ಮಾಡಿ, ಎಳ್ಳು ಹಾಕಿ, ಕಾಗೆಗೆ ಇಡಬೇಕು. ಕಾಗೆ ಮುಟ್ಟಿದ ಮೇಲೆಯೇ ಊಟ. ಇಲ್ಲಿ ಕಾಗೆ ಎಲ್ಲಿಂದ ತರುವುದು? ಅಣ್ಣ ಬೆಳಿಗ್ಗೆ ಎದ್ದು ಅನ್ನ ಮಾಡಿ, ಡಬ್ಬಿಗೆ ಹಾಕಿ, ಕಾರಿನಲ್ಲಿ ಸೊಹಾರ್‌ಗೆ ಹೋದರು. ಮೂರು ತಾಸಿನ ದಾರಿ. ಸಂಜೆ ಹಿಂದಿರುಗಿದಾಗ ನಾನು ಬಾಗಿಲ ಮುಂದೆ ನೀರು ಹಾಕುತ್ತಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಮುಟ್ಟಲಿಲ್ಲ ಅಕ್ಕ."

"ಯಾವ್ದು?"

"ಕಾಗೆ. ಇಷ್ಟು ಹತ್ತಿರ ಬಂತು. ಮೂಸಿ ನೋಡಿ ಹೋಯ್ತು. ಪಕ್ಕದಲ್ಲಿ ಒಬ್ಬ ಹುಡುಗ ಶವರ್ಮಾ ತಿನ್ತಿದ್ದ. ಅವನ ಕೈಯಿಂದ ಬಿದ್ದ ತುಂಡು ಎತ್ತಿಕೊಂಡು ಹೋಯ್ತು. ಅವಳಿಗೆ ನನ್ನ ಮೇಲೆ ಸಿಟ್ಟು ಉಂಟು. ನಾನು ಕರ್ಕೊಂಡು ಹೋಗಲಿಲ್ಲ ಅಲ್ಲ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಗಬ್ಬು ನಾತ ಮೂಗಿಗೆ ಬಡಿಯಿತು. "ಬಿಸಿ ಅನ್ನಕ್ಕ ಮುಚ್ಚಳಾ ಬಿಗಿದು ಕಾರಿನ್ಯಾಗ ಇಟ್ಕೊಂಡ ಹೋಗೀರಿ. ಹಳಸೈತಿ ಇದು. ಕಾಗಿಗೂ ಹೊಟ್ಟಿ ಅನ್ನೂದು ಇರತೈತ್ರಿ ಅಣ್ಣಾರ. ಇದರಾಗ ನಿಮ್ಮ ಹೆಂಡತಿ ಸಿಟ್ಟು ಎಲ್ಲಿಂದ ಬಂತು?"

"ನಿಮಗೆ ಎಲ್ಲ ತಮಾಷೆ."

"ತಮಾಷಿ ಅಲ್ರೀ. ಒಳಗ ಬರ್ರಿ, ಎರಡ ರೊಟ್ಟಿ ತಿನ್ರಿ. ಮುಂಜಾನಿಂದ ಉಪಾಸ ಇದ್ದೀರಿ."

ತಿಂದರು. ಆದರೆ ಆ ಮಾತು ಅವರ ತಲೆಯಿಂದ ಹೋಗಲಿಲ್ಲ. ವರ್ಷವೆಲ್ಲ ಅದೇ. ಅವಳು ಸಮಾಧಾನದಲ್ಲಿ ಇಲ್ಲ, ಅವಳಿಗೆ ತೃಪ್ತಿಯಾಗಿಲ್ಲ. ಕೇಳಿ ಕೇಳಿ ನನಗೆ ಸಾಕಾಯಿತು. ಸತ್ತವರಿಗೆ ಅನ್ನ ಹಾಕಬಹುದು. ಅವರು ಸಿಟ್ಟಾಗಿದ್ದಾರೆ ಅಂತ ಕೂತವರನ್ನು ಏನು ಮಾಡುವುದು?

ಮರುವರ್ಷದ ತಿಥಿಯ ದಿನ ನಾನು ಮೆಣಸಿನಕಾಯಿ ಒಣಗಿಸಲು ತಾರಸಿಗೆ ಹೋದೆ. ನನ್ನ ಮೊಣಕಾಲಿಗೆ ಆ ಮೆಟ್ಟಿಲುಗಳು ಶತ್ರು. ಹತ್ತಿದರೆ ಅರ್ಧ ತಾಸು ಕೂತು ಸುಧಾರಿಸಿಕೊಂಡೇ ಇಳಿಯಬೇಕು. ಅಣ್ಣ ಮೊದಲೇ ಅಲ್ಲಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಒದ್ದೆ ಟವೆಲು. ಗೋದಾಮಿನಿಂದ ತಂದ ಟೈಲ್ಸ್ ತುಂಡಿನ ಮೇಲೆ ಅನ್ನದ ಉಂಡೆ, ಮೇಲೆ ಕರಿ ಎಳ್ಳು. ಪಕ್ಕದಲ್ಲಿ ಸ್ಟೀಲಿನ ಬಟ್ಟಲಿನಲ್ಲಿ ನೀರು.

"ಇಲ್ಲಿ ಯಾವ ಕಾಗಿ ಬರತೈತ್ರಿ?"

"ಬರುವುದಿಲ್ಲ. ಗೊತ್ತುಂಟು. ಆದರೆ ಮತ್ತೆ ಸೊಹಾರ್‌ಗೆ ಹೋಗುವ ಧೈರ್ಯ ಇಲ್ಲ ಅಕ್ಕ. ಇನ್ನೊಂದು ಸಲ ಅದು ಬೇಡ ಅಂದರೆ?"

ನನಗೆ ಇಳಿಯಲು ಆಗುತ್ತಿರಲಿಲ್ಲ, ಕೂತೆ. ಮೆಣಸಿನಕಾಯಿ ಹರಡಿದೆ. ಬಿಸಿಲು ಏರುತ್ತಿತ್ತು. ಎರಡು ಬೆಳವಗಳು ಟ್ಯಾಂಕಿನ ಮೇಲೆ ಕೂತು ಇಳಿಯಲೋ ಬೇಡವೋ ಅಂತ ನೋಡುತ್ತಿದ್ದವು. ಆಗ ಹಿಂದಿನ ಗುಡ್ಡದಿಂದ ಒಂದು ಸಣ್ಣ ಹಕ್ಕಿ ಬಂದು ಬಟ್ಟಲಿನ ಅಂಚಿನಲ್ಲಿ ಕೂತಿತು.

ಗುಬ್ಬಿಯಷ್ಟೇ ಇತ್ತು, ಆದರೆ ಗುಬ್ಬಿಯಲ್ಲ. ಗುಂಡಗೆ, ಕುತ್ತಿಗೆಯೇ ಇಲ್ಲ. ಬೆನ್ನು ಗುಡ್ಡದ ಮಣ್ಣಿನ ಬಣ್ಣ. ಎದೆಯ ಮೇಲೆ ಓಕುಳಿ ಎರಚಿ, ಎಷ್ಟು ಒಗೆದರೂ ಹೋಗದೆ ಉಳಿದ ಹಾಗೆ ತೆಳು ಗುಲಾಬಿ. ಕೊಕ್ಕು ಮಾತ್ರ ದಪ್ಪ, ಮೊಂಡು, ಹಣ್ಣಾದ ತೊಂಡೆಯ ಕೆಂಪು. ಆ ಬೋಳುಗುಡ್ಡದಲ್ಲಿ ಇಂಥ ಬಣ್ಣ ಎಲ್ಲಿತ್ತೋ! ನೀರು ಕುಡಿಯಿತು. ತಲೆಯೆತ್ತಿ ನೋಡಿತು. ಆಮೇಲೆ ಟೈಲ್ಸ್ ಮೇಲೆ ಜಿಗಿದು ಉಂಡೆಯಿಂದ ಎಳ್ಳನ್ನು ಒಂದೊಂದಾಗಿ ಹೆಕ್ಕಿತು. ಅನ್ನ ಮುಟ್ಟಲಿಲ್ಲ, ಎಳ್ಳು ಮಾತ್ರ. ಹೆಕ್ಕಿ ಮುಗಿದ ಮೇಲೆ ಮಕ್ಕಳು ಊದುವ ಪೀಪಿಯ ಹಾಗೆ ಮೂಗಿನಲ್ಲಿ "ಪೇಂ" ಅಂತ ಒಂದು ಕೂಗು ಹಾಕಿ ಗುಡ್ಡಕ್ಕೆ ಹಾರಿತು.

ನಾನು ಅಣ್ಣನ ಕಡೆ ತಿರುಗಿದೆ. ಅವರ ಎಡರೆಪ್ಪೆ ಪೂರ್ತಿ ಮೇಲೆದ್ದಿತ್ತು. ಆ ಮನುಷ್ಯನ ಎರಡೂ ಕಣ್ಣು ಒಟ್ಟಿಗೆ ನೋಡಿದ್ದು ಆವತ್ತೊಂದೇ ಸಲ.

"ಕಾಗೆ ಅಲ್ಲ ಅಕ್ಕ ಇದು," ಅಂದರು.

"ಕಾಗಿ ಅಲ್ಲ ಅನ್ನೂದು ನನಗೂ ಕಾಣತೈತ್ರಿ. ಎಳ್ಳ ತಿಂತು, ನೀರ ಕುಡೀತು. ಇನ್ನೇನ ಬೇಕು ನಿಮಗ?"

"ಇದು ಸೇರ್ತದಾ ಅಂತ."

"ಯಾರಿಗೆ ಸೇರಬೇಕ್ರಿ? ನಿಮ್ಮ ಹೆಂಡತಿಗೋ, ನಿಮ್ಮ ಭಟ್ಟರಿಗೋ?"

ಅವರು ಅಲ್ಲಿಂದಲೇ ಭಟ್ಟರಿಗೆ ಫೋನು ಹಚ್ಚಿದರು. ಕೆಂಪು ಕೊಕ್ಕು, ಗುಲಾಬಿ ಎದೆ ಅಂತೆಲ್ಲ ವರ್ಣಿಸಿದರು. ಆ ಕಡೆಯಿಂದ ಭಟ್ಟರು, "ನೋಡಿ, ಕಾಗೆ ಅಂತ ಇರುವುದು. ಬೇರೆ ಹಕ್ಕಿಯ ವಿಷಯ ನನಗೆ ಗೊತ್ತಿಲ್ಲ. ನೀವಿರುವುದು ಅರಬ್ಬರ ದೇಶ, ಹೇಗೆ ಆಗ್ತದೋ ಹಾಗೆ," ಅಂದರು. ಅಣ್ಣನಿಗೆ ಅದು ಸಾಲಲಿಲ್ಲ. ಆದರೂ ಆ ದಿನ ಎರಡು ಸಲ ಬಡಿಸಿಕೊಂಡು ಉಂಡರು.

ಮರುದಿನ ನೋಡಿದರೆ ಡಿಶ್ ಕಂಬಕ್ಕೆ ತಂತಿ ಕಟ್ಟಿ ಟೈಲ್ಸ್ ತುಂಡು ತೂಗಿಬಿಟ್ಟಿದ್ದಾರೆ, ತೊಟ್ಟಿಲಿನ ಹಾಗೆ. ಅದರಲ್ಲಿ ಎಳ್ಳು, ಸಜ್ಜೆ. ಕೆಳಗೆ ನೀರು. ಅಂದಿನಿಂದ ಅದು ದಿನದ ಕೆಲಸವಾಯಿತು. ಮಗ, ಸೊಸೆ, ಮೊಮ್ಮಗಳು ಹೊರಟ ಮೇಲೆ ನಾನು ಎರಡು ಲೋಟ ಚಹಾ ಹಿಡಿದು, ಗೋಡೆಗೆ ಭುಜ ಕೊಟ್ಟು ಹತ್ತುತ್ತಿದ್ದೆ. ಅವರು ಗೋದಾಮಿಗೆ ಹೋಗುವ ಮೊದಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಯಾಕೆ ಹೋಗುತ್ತಿದ್ದೆ ಅಂದರೆ ಹೇಳುವುದು ಕಷ್ಟ. ಇಡೀ ದಿನ ನನ್ನ ಕಣ್ಣ ಮುಂದೆ ಬರುವುದೆಲ್ಲ ನಾನು ತೊಳೆಯಬೇಕಾದ್ದು, ಬೇಯಿಸಬೇಕಾದ್ದು, ಮಡಚಬೇಕಾದ್ದು. ನನ್ನಿಂದ ಏನನ್ನೂ ಬೇಡದೆ ಕಣ್ಣ ಮುಂದೆ ಬರುತ್ತಿದ್ದದ್ದು ಆ ಹಕ್ಕಿಯೊಂದೇ.

ಅದೂ ದಿನಾ ಬರುತ್ತಿರಲಿಲ್ಲ. ಬೆಳವ ಬರುತ್ತಿತ್ತು, ಗುಬ್ಬಿ ಬರುತ್ತಿತ್ತು, ಗೊರವಂಕ ಬಂದು ಜಗಳ ತೆಗೆದು ಎಲ್ಲ ಚೆಲ್ಲಿ ಹೋಗುತ್ತಿತ್ತು. ಕೆಂಪು ಕೊಕ್ಕಿನದು ಮನಸ್ಸು ಬಂದಾಗ. ವಾರಗಟ್ಟಲೆ ಸುದ್ದಿಯಿಲ್ಲ. ಬೇಸತ್ತು, ಇನ್ನು ಮೇಲೆ ಹತ್ತುವುದೇ ಬೇಡ ಅಂದುಕೊಂಡ ದಿನ ಮೂರು ಒಟ್ಟಿಗೆ ಬಂದು ಕೂತಿರುತ್ತಿದ್ದವು. ಅದರಲ್ಲಿ ಹೆಣ್ಣುಗಳು ಬರೀ ಮಣ್ಣಿನ ಬಣ್ಣ, ನನ್ನ ಹಾಗೆ. ಮೊಮ್ಮಗಳು ಒಂದು ಶುಕ್ರವಾರ ನೋಡಿ, "ಸೋ ಕ್ಯೂಟ್ ಅಜ್ಜಿ," ಅಂದು ಫೋನಿನಲ್ಲಿ ಹುಡುಕಿ ಟ್ರಂಪೆಟರ್ ಫಿಂಚ್ ಅಂತ ಹೆಸರು ಹೇಳಿದಳು. ನನ್ನ ಬಾಯಿಗೆ ಅದು ಹತ್ತಲಿಲ್ಲ. ನಾನು ಪೀಪಿ ಅಂತಲೇ ಕರೆದೆ. ಅಣ್ಣ ಹೆಸರಿಡಲಿಲ್ಲ. "ಬಂತು," ಅನ್ನುತ್ತಿದ್ದರು, ಅಷ್ಟೇ.

ಅವರದೊಂದು ಕಟ್ಟುನಿಟ್ಟಿತ್ತು. ಹಕ್ಕಿಯನ್ನು ಮೊದಲು ನೋಡಿದವರು ಮಾತಾಡಬಾರದು, ಕೈ ತೋರಿಸಬಾರದು. ಕೈಯಲ್ಲಿರುವ ಚಹಾದ ಲೋಟವನ್ನು ಸದ್ದಿಲ್ಲದೆ ನೆಲದ ಮೇಲೆ ಇಡಬೇಕು. ಇನ್ನೊಬ್ಬರು ಅದನ್ನು ನೋಡಿ ತಿಳಿದುಕೊಳ್ಳಬೇಕು. ಒಂದು ಸಲ ನಾನು, "ಅಗಾ, ಬಂತು!" ಅಂತ ಕಿರುಚಿದ್ದಕ್ಕೆ ಹಕ್ಕಿ ಹಾರಿಹೋಗಿ, ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, "ಅಕ್ಕ, ನಿಮ್ಮ ಗಂಟಲು ಗೋದಾಮಿನಲ್ಲಿ ಇರಬೇಕಿತ್ತು. ಫೋರ್ಕ್‌ಲಿಫ್ಟಿಗೆ ಹಾರ್ನ್ ಬೇಕಿರಲಿಲ್ಲ," ಅಂದರು.

ಮನೆಯ ಮಾಲೀಕ ಒಮಾನಿ ಮುದುಕ. ಹಕ್ಕಿ ಹಿಕ್ಕೆ ತಾರಸಿ ತುಂಬ ಬೀಳುತ್ತದೆ ಅಂತ ಒಂದು ದಿನ ಕೋಲೂರಿಕೊಂಡು ಹತ್ತಿ ಬಂದ. "ಖಲಾಸ್! ಯೇ ಸಬ್ ಬಂದ್!" ಅಂತ ಅರೆಬರೆ ಹಿಂದಿಯಲ್ಲಿ ಕೂಗಾಡುತ್ತಿದ್ದ. ಅಷ್ಟರಲ್ಲಿ ಅಣ್ಣ ಮೆಲ್ಲಗೆ ಲೋಟ ಕೆಳಗಿಟ್ಟರು. ಮುದುಕ ಲೋಟ ನೋಡಿದ, ನನ್ನ ಮುಖ ನೋಡಿದ, ಆಮೇಲೆ ತಿರುಗಿ ಹಕ್ಕಿ ನೋಡಿದ. ಬಾಯಿ ಮುಚ್ಚಿತು. ಹಕ್ಕಿ ನೀರು ಕುಡಿದು ಹೋಗುವ ತನಕ ಕೋಲು ಕೂಡ ಅಲುಗಿಸಲಿಲ್ಲ. ಟ್ಯಾಂಕಿನ ಮುಚ್ಚಳ ಗಟ್ಟಿಯಾಗಿ ಹಾಕಿ ಅಂತಷ್ಟೇ ಹೇಳಿ ಇಳಿದು ಹೋದ.

ಹಕ್ಕಿಯೇ ತನ್ನ ಹೆಂಡತಿ ಅಂತ ಅಣ್ಣ ಯಾವತ್ತೂ ಹೇಳಲಿಲ್ಲ. ಒಂದೇ ಒಂದು ಸಲ, ಅದು "ಪೇಂ" ಅಂದು ಹಾರಿದ ಮೇಲೆ, "ಮೂಗು ಹಾಗೇ ಉಂಟು ನೋಡಿ. ಸ್ವರವೂ," ಅಂದರು.

"ಹಂಗಾದ್ರ ಬೈದು ಹೋತು ನಿಮಗ," ಅಂದೆ.

"ಬೈಯಲಿ. ಬಂದು ಬೈದರೆ ಸಾಕು."

ಅಲ್ಲಿಂದ ಮುಂದೆ ಸಿಟ್ಟಿನ ಮಾತು ಕಡಿಮೆಯಾಯಿತು. ಆದರೆ ತಿಥಿ ಹತ್ತಿರ ಬಂದಾಗಲೆಲ್ಲ ಮತ್ತೆ ಚಡಪಡಿಕೆ. ಕಾಗೆ ಮುಟ್ಟಿಲ್ಲ ಅನ್ನುವ ಮುಳ್ಳು ಒಳಗೆ ಇದ್ದೇ ಇತ್ತು.

ಹೋದ ವರ್ಷ ಬೇಸಿಗೆಗೆ ಮೊದಲು ಅವರ ಎದೆ ತೊಂದರೆ ಕೊಟ್ಟಿತು. ಮೆಟ್ಟಿಲು ಹತ್ತುವಾಗ ನನಗಿಂತ ಹೆಚ್ಚು ಏದುಸಿರು. ಕಫೀಲ್‌ನೇ ಟಿಕೆಟ್ ತೆಗೆದು, ಊರಿಗೆ ಹೋಗಿ ಮಕ್ಕಳ ಹತ್ತಿರ ಇರು ಅಂದ. ಹೊರಡುವ ದಿನ ಕಾರು ಬಂದು ನಿಂತಿತ್ತು. ಅಣ್ಣ ನನ್ನ ಬಾಗಿಲಲ್ಲಿ ನಿಂತು, ಎಳ್ಳಿನ ಡಬ್ಬಿ ಮುಂದೆ ಹಿಡಿದರು.

"ಅಕ್ಕ, ನೀರು ಒಂದು ಇಡ್ತೀರಾ? ಎಳ್ಳು ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ. ಬೇಸಿಗೆಗೆ ಗುಡ್ಡದಲ್ಲಿ ನೀರಿಲ್ಲ."

"ನನ್ನ ಮೊಳಕಾಲ ನೋಡೀರೇನ್ರಿ? ನೀವು ಮ್ಯಾಲ ಇರತಿದ್ರಿ, ಮಾತಿನ ಆಸೇಕ್ಕ ಹತ್ತತಿದ್ದೆ. ಒಬ್ಬಾಕಿಗೆ ಆಗೂದಿಲ್ಲ. ಸುಳ್ಳ ಹೇಳಿ ನಿಮ್ಮನ್ನ ಕಳಸೂದಿಲ್ಲ ನಾನು."

"ಹೌದು. ಅದೂ ಸರಿ," ಅಂದರು. ಡಬ್ಬಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಸಿಲ ಒಳಗಿಟ್ಟು ಹೋದರು. ಕಾರಿನಲ್ಲಿ ಕೂತು ಒಂದು ಸಲ ತಾರಸಿಯ ಕಡೆ ಕತ್ತೆತ್ತಿ ನೋಡಿದರು. ರೆಪ್ಪೆ ಇಳಿದಿತ್ತು.

ಊರಿಗೆ ಹೋಗಿ ತಿಂಗಳೆರಡರಲ್ಲಿ ತೀರಿಕೊಂಡರು. ನನ್ನ ಮಗ ಬಂದು ಸುದ್ದಿ ಹೇಳಿದಾಗ ನಾನು ಹಿಟ್ಟು ನಾದುತ್ತಿದ್ದೆ. ನಾದಿ ಮುಗಿಸಿದೆ. ರೊಟ್ಟಿ ಬಡಿಯಬೇಕಿತ್ತು. ಸುದ್ದಿ ಬಂತು ಅಂತ ಯಾರ ಹೊಟ್ಟೆಯೂ ನಿಲ್ಲುವುದಿಲ್ಲ.

ಹನ್ನೊಂದರ ದಿನ ಮಧ್ಯಾಹ್ನ ಅವರ ಮಗಳ ಫೋನು ಬಂತು, ಮುಖ ಕಾಣುವ ಫೋನು. ಅವಳ ಹಿಂದೆ ಬಾವಿಕಟ್ಟೆ, ತೆಂಗಿನ ಮರ, ಬಿಸಿಲಿನಲ್ಲಿ ನಿಂತ ಜನ.

"ಅಮ್ಮಾ, ಕಾಗೆ ಮುಟ್ಟುವುದಿಲ್ಲ. ಬೆಳಿಗ್ಗೆಯಿಂದ ಇಟ್ಟಿದ್ದೇವೆ. ಮರದ ತುಂಬ ಕೂತಿವೆ, ಒಂದೂ ಇಳಿಯುವುದಿಲ್ಲ. ಮನೆ ಮಾರುವುದಿಲ್ಲ ಅಂತ ಹೇಳಿ ಆಯ್ತು. ಚಿಕ್ಕಪ್ಪನ ಹತ್ರ ಮಾತು ಬಿಟ್ಟದ್ದನ್ನು ಸರಿ ಮಾಡ್ತೇವೆ ಅಂತ ಹೇಳಿ ಆಯ್ತು. ಅಪ್ಪನ ಮನಸ್ಸಿನಲ್ಲಿ ಇನ್ನು ಎಂತ ಉಳಿದದ್ದು? ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಅವರ ಕಡೆ ಹಾಗೆ. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಅದನ್ನು ನಡೆಸಿಕೊಡುತ್ತೇವೆ ಅಂತ ಎಲೆಯ ಮುಂದೆ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಮನೆಯವರೆಲ್ಲ ಉಪವಾಸ. ಹಿಂದೆ ಯಾರೋ ಮಗು ಅಳುತ್ತಿತ್ತು.

ಎಳ್ಳಿನ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ, ನನ್ನ ಕಣ್ಣೆದುರೇ ಇತ್ತು. ಹೇಳದೆ ಇರಬಹುದಿತ್ತು. ನನಗೇನು ಗೊತ್ತಿಲ್ಲ ತಂಗಿ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮೊಣಕಾಲು ಹಾಗೆ ಹೇಳು ಅಂತಲೇ ಹೇಳುತ್ತಿತ್ತು.

"ಫೋನ್ ಎಲಿ ಹಂತ್ಯಾಕ ಹಿಡಿ," ಅಂದೆ.

ಹಿಡಿದಳು. ಅನ್ನದ ಉಂಡೆ ಕಂಡಿತು, ಮೇಲೆ ಕರಿ ಎಳ್ಳು.

"ಅಣ್ಣಾರ, ಕೇಳ್ರಿ. ನೀರು ಇಡತೀನಿ. ಎಳ್ಳೂ ಹಾಕತೀನಿ. ನನ್ನ ಕಾಲು ನಡೆಯೂ ತನಕ ತಪ್ಪಸೂದಿಲ್ಲ. ಇನ್ನ ಬಿಡ್ರಿ, ಮಕ್ಕಳು ಹಸಗೊಂಡ ಕುಂತಾವ."

ಆ ಕಡೆ ಗದ್ದಲವಾಯಿತು. ಫೋನು ಅಲುಗಾಡಿ ಆಕಾಶ ಕಂಡಿತು, ಕಾಲುಗಳು ಕಂಡವು. "ಮುಟ್ಟಿತು ಅಮ್ಮಾ, ಮುಟ್ಟಿತು," ಅಂತ ಹುಡುಗಿ ಅತ್ತಳು.

ನನ್ನ ಮಾತಿಗೆ ಕಾಗೆ ಇಳಿಯಿತು ಅಂತ ನಾನು ಹೇಳುವುದಿಲ್ಲ. ಮಧ್ಯಾಹ್ನವಾಗಿತ್ತು, ಅದಕ್ಕೂ ಹಸಿವಾಗಿರಬೇಕು. ಎಲ್ಲರೂ ಫೋನಿನ ಕಡೆ ತಿರುಗಿ ಎಲೆಯಿಂದ ಎರಡು ಹೆಜ್ಜೆ ದೂರ ಸರಿದಿದ್ದರು, ಅದಕ್ಕೂ ಇರಬಹುದು. ಆದರೆ ಅಷ್ಟು ಜನರ ಮುಂದೆ ಹೇಳಿ ಆಗಿತ್ತು. ಸತ್ತ ಮನುಷ್ಯನಿಗೆ ಕೊಟ್ಟ ಮಾತನ್ನು ಯಾರ ಹತ್ತಿರ ಹೋಗಿ ವಾಪಸು ತೆಗೆದುಕೊಳ್ಳಲಿ?

ಅಂದಿನಿಂದ ದಿನಾ ಹತ್ತುತ್ತೇನೆ. ಒಂದು ಕೈಯಲ್ಲಿ ಚಹಾ, ಸೊಂಟದಲ್ಲಿ ಎಳ್ಳಿನ ಡಬ್ಬಿ. ನೀರನ್ನು ಮೇಲಿನ ನಲ್ಲಿಯಲ್ಲೇ ಹಿಡಿಯುತ್ತೇನೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತಿಗೇ ಮೆಟ್ಟಿಲ ಕಂಬಿ ಸುಡುತ್ತಿತ್ತು. ಸೊಸೆ ಬೈಯುತ್ತಾಳೆ. "ಅತ್ತೀ, ಬಿದ್ದು ಸೊಂಟ ಮುರಕೊಂಡ್ರ ನೋಡೋರ್ಯಾರು?" ನೀನೇ ಅಂದೆ. ಮೇಲ್ಮನೆಗೆ ಬೇರೆ ಸಂಸಾರ ಬಂದಿದೆ. ಅವರಿಗೆ ನಾನೊಬ್ಬಳು ಅರೆಮರುಳು ಮುದುಕಿ. ಬೇಸಿಗೆಯೆಲ್ಲ ಬೆಳವಗಳೇ ತಿಂದವು. ಗೊರವಂಕ ಚೆಲ್ಲಿತು. ಕೆಂಪು ಕೊಕ್ಕಿನದು ಒಂದು ದಿನವೂ ಕಾಣಲಿಲ್ಲ. ಅದಕ್ಕಾಗಿ ಅಲ್ಲವಲ್ಲ, ಮಾತು ಕೊಟ್ಟಿದ್ದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಲೇ ಗುಡ್ಡದ ಕಡೆ ಕಣ್ಣು ಹೋಗುತ್ತಿತ್ತು. ಈ ಚಟ ಹಚ್ಚಿದ್ದು ಅಣ್ಣನೇ. ಅರವತ್ತು ದಾಟಿದ ಮೇಲೆ ಹಕ್ಕಿಯ ದಾರಿ ಕಾಯುವುದನ್ನು ಕಲಿತೆ. ಬೇಡವಾಗಿತ್ತು ಅನ್ನಿಸುತ್ತದೆ ಕೆಲವು ದಿನ, ಕಾಲು ಬಾತಾಗ.

ಮೊನ್ನೆ ಬಂತು. ಚಳಿ ಕಡಿಮೆಯಾಗುತ್ತಿದೆ, ಅಣ್ಣನ ಹೆಂಡತಿಯ ತಿಥಿಯ ಸುಮಾರಿಗೆ. ಬಟ್ಟಲಿನ ಅಂಚಿನಲ್ಲಿ ಕೂತಿತು. ಅದೇ ಗುಂಡು ಮೈ, ಅದೇ ಮೊಂಡು ಮೂಗು, ಎದೆಯ ಗುಲಾಬಿ ಈ ಸಲ ಇನ್ನೂ ಗಾಢ. ಎದೆ ಧಸಕ್ಕೆಂದಿತು. ಈ ವಯಸ್ಸಿಗೆ ಆಗಬಾರದ್ದು. ಕೂಗಲಿಲ್ಲ. ಮೆಲ್ಲಗೆ ಬಗ್ಗಿ, ಸದ್ದಾಗದ ಹಾಗೆ, ಚಹಾದ ಲೋಟವನ್ನು ನೆಲದ ಮೇಲೆ ಇಟ್ಟೆ. ಅದು ನೀರು ಕುಡಿಯಿತು, ಎಳ್ಳು ತಿಂದಿತು, ಪೇಂ ಅಂದಿತು, ಹೋಯಿತು.

ಆಮೇಲೆ ಬಗ್ಗಿ ಲೋಟ ಎತ್ತಿಕೊಳ್ಳಲು ಹೋದರೆ ಮೊಣಕಾಲು ಹಿಡಿದುಬಿಟ್ಟಿತು. ಸೊಸೆ ಶಾಲೆಯಿಂದ ಬಂದು ಮೇಲೆ ಹುಡುಕಿಕೊಂಡು ಬರುವವರೆಗೆ ಕುರ್ಚಿಯಲ್ಲೇ ಕೂತಿದ್ದೆ. ಚಹಾ ಕೈಗೆಟುಕದೆ ಅಲ್ಲೇ ತಣ್ಣಗಾಯಿತು.